ಆವಾಜ್ ನಹೀಂ ಆಯಾ!

ಬೆಳಗಾವಿ ಸೀಮೆಯ ಯಾವ ಊರಿಗೆ ಬೇಕಾದರೂ ಹೋಗಿ, ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಬೆನ್ನನ್ನು ಗೋಡೆಗೆ ತಾಗಿಸದೆ ಕೂತ ಹಿರಿಯರೊಬ್ಬರು ಸಿಗುತ್ತಾರೆ. ಉಳಿದ ನಾಲ್ಕು ಕೂದಲನ್ನೂ ಹದಿನೈದು ದಿನಕ್ಕೊಮ್ಮೆ ಕತ್ತರಿಸಿಕೊಳ್ಳುವವರು. ಚಪ್ಪಲಿಗೂ ಪಾಲಿಶ್. ಮೀಸೆಯ ಎರಡೂ ತುದಿ ಒಂದೇ ಎತ್ತರಕ್ಕೆ ಡ್ರೆಸ್ಸಿಂಗ್ ಹಿಡಿದು ನಿಂತಿರುತ್ತವೆ. ಊರಿಗೆಲ್ಲ ಅವರು ಫೌಜಿ ಕಾಕಾ. ನಿಜವಾದ ಹೆಸರು ಏನೆಂಬುದು ಪೋಸ್ಟ್‌ಮನ್ನನಿಗೆ ಮತ್ತು ಪೆನ್ಷನ್ ಕೊಡುವ ಬ್ಯಾಂಕಿಗೆ ಮಾತ್ರ ಗೊತ್ತು.

ನಮ್ಮೂರ ಫೌಜಿ ಕಾಕಾ ಸೇನೆ ಸೇರಿದ್ದು 1978ರಲ್ಲಿ. ಇಪ್ಪತ್ತನಾಲ್ಕು ವರ್ಷ ನೌಕರಿ. ರಾಜಸ್ಥಾನದ ಉಸುಕು, ನಾಗಾಲ್ಯಾಂಡಿನ ಕಾಡು, ಸಿಯಾಚಿನ್ನಿನ ಹಿಮ ಎಲ್ಲ ಕಂಡವರು. ಅದನ್ನೆಲ್ಲ ಕೇಳಬೇಕೆಂದು ಆಸೆಪಟ್ಟು ಹೋದರೆ ನಿಮಗೆ ನಿರಾಶೆ ಕಾದಿದೆ.

“ಸಿಯಾಚಿನ್ ಹ್ಯಾಂಗಿತ್ರಿ ಕಾಕಾ?” ಅಂತ ನಾನು ಒಮ್ಮೆ ಕೇಳಿದ್ದೆ.

“ತಂಪಿತ್ತು,” ಅಂದರು.

ಮುಗಿಯಿತು ಸಿಯಾಚಿನ್. ಆದರೆ ಟ್ರೇನಿಂಗಿನ ಮೊದಲ ಕೆಲವು ತಿಂಗಳು ತಮಗೆ ಡ್ರಿಲ್ ಕಲಿಸಿದ ಉಸ್ತಾದರ ಬಗ್ಗೆ ಕೇಳಿ ನೋಡಿ. ಎರಡು ಚಹಾ, ಒಂದು ಪ್ಲೇಟ್ ಮಿರ್ಚಿಭಜಿ, ಸಂಜೆಯ ಏಳೂವರೆಯ ಬಸ್ಸು, ಎಲ್ಲ ಹೋಗುತ್ತವೆ. ಉಸ್ತಾದರು ಮಾತ್ರ ಗ್ರೌಂಡ್ ಬಿಟ್ಟು ಹೋಗುವುದಿಲ್ಲ.

ನಮ್ಮ ಕಡೆಯ ಹುಡುಗರಿಗೆ ಇಂಥ ಉಸ್ತಾದರ ಬರ ಎಂದೂ ಇರಲಿಲ್ಲ. ಬೆಳಗಾವಿಯಲ್ಲೇ 1922ರಿಂದ ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಇದೆ. ಸಾಂಬ್ರಾದಲ್ಲಿ ವಾಯುಪಡೆಯವರದು, ಬೆಂಗಳೂರಿನ ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟ್. ಕಾಕಾ ಯಾವ ಸೆಂಟರಿನಲ್ಲಿ ತಯಾರಾದ ಮಾಲು ಎಂದು ಬರೆಯಕೂಡದೆಂದು ಅವರೇ ತಾಕೀತು ಮಾಡಿದ್ದಾರೆ. “ನಾಳೆ ಯಾರಾದ್ರೂ ಓದಿ ಉಸ್ತಾದರಿಗೆ ಹೇಳಿದ್ರ?” ಎಂಬುದು ಅವರ ಅಳುಕು. ಕಾಕಾ ಅವರಿಗೆ ಈಗ ಅರವತ್ತಾರು.

ಹಳ್ಳಿಯಿಂದ ಹೋದ ಹುಡುಗನಿಗೆ ಹಿಂದಿ ಬರುತ್ತಿರಲಿಲ್ಲ. ಡ್ರಿಲ್ಲಿನಲ್ಲಿ ನಡೆಯುವ ದಂಡನ್ನು ನಿಲ್ಲಿಸುವ ಹುಕುಂ ‘ಥಮ್’. ಅದಕ್ಕೂ ಮೊದಲು ‘ಸ್ಕ್ವಾಡ್’ ಎಂದು ಎಳೆದು, ಆಮೇಲೆ ಬಾಗಿಲು ಬಡಿದ ಹಾಗೆ ‘ಥಮ್!’ ಅನ್ನಬೇಕು. ಮೊದಲ ದಿನ ಉಸ್ತಾದರು ಹಾಗೆಯೇ ಕೂಗಿದರು.

“ನನಗ ಕೇಳಿಸಿದ್ದು ತಮ್ಮಾ ಅಂತ,” ಕಾಕಾ ಈ ಭಾಗಕ್ಕೆ ಬಂದಾಗ ದನಿ ಇಳಿಸುತ್ತಾರೆ. “ಇಷ್ಟು ಮಂದಿಯೊಳಗ ನನ್ನೊಬ್ಬನ್ನ ತಮ್ಮಾ ಅಂತ ಕರಿಯಾಕತ್ತಾನಲ್ಲಾ, ಎಂಥಾ ದೇವರಂಥಾ ಮನಷ್ಯಾ ಅಂತ ಸಾಲು ಬಿಟ್ಟು ಮುಂದ ಹೋಗಿ ‘ಏನಣ್ಣಾ?’ ಅಂದೆ.”

ಅಣ್ಣ ಅವರನ್ನು ಮುರ್ಗಾ ಮಾಡಿದರು. ಕಾಲಿನ ಸಂದಿಯಿಂದ ಕೈ ತೂರಿಸಿ ಕಿವಿ ಹಿಡಿದುಕೊಂಡು ಗ್ರೌಂಡಿನ ಒಂದು ಸುತ್ತು. ನಾನು ಸಣ್ಣವನಿದ್ದಾಗ ಕೇಳಿದ್ದು ಒಂದು ಸುತ್ತು. ಹೋದ ಯುಗಾದಿಗೆ ಅದು ನಾಲ್ಕಾಗಿತ್ತು. ಅವರು ತಲೆಯ ಮೇಲೆ ಎತ್ತಿಕೊಂಡು ಓಡಿದ ಎಸ್‌ಎಲ್‌ಆರ್ ಬಂದೂಕಿಗೂ ಇದೇ ರೋಗ. ಅಸಲಿಗೆ ನಾಲ್ಕು ಕಿಲೋಕ್ಕಿಂತ ತುಸು ಹೆಚ್ಚಿನ ತೂಕ ಅದರದು. ಈಗ ಕಾಕಾನ ಬಾಯಲ್ಲಿ ಒಂಬತ್ತು ಕಿಲೋ ತೂಗುತ್ತದೆ. ಸೇನೆ ಆ ಬಂದೂಕು ಬಿಟ್ಟು ಎಷ್ಟೋ ವರ್ಷವಾಯಿತು, ಬೆಳೆಯುವುದನ್ನು ಅದು ಬಿಟ್ಟಿಲ್ಲ.

ಬೇವಿನ ಮರದ ಕಥೆಯೂ ಹೀಗೇ. ಯಾರೋ ಸಾಹೇಬರು ಹಾದುಹೋದಾಗ ಹುಡುಗ ಸಲ್ಯೂಟ್ ಮಾಡಲಿಲ್ಲವಂತೆ. ಉಸ್ತಾದರು ಮೈದಾನದಂಚಿನ ಬೇವಿನ ಮರದ ಮುಂದೆ ನಿಲ್ಲಿಸಿ ಅದಕ್ಕೆ ನೂರು ಸಲ್ಯೂಟ್ ಹೊಡೆಸಿದರು. ನಿವೃತ್ತಿಯಾದ ಮೇಲೆ ಏನೋ ಕಾಗದಪತ್ರದ ಕೆಲಸಕ್ಕೆ ಆ ಕಡೆ ಹೋದಾಗ ಮರ ಇನ್ನೂ ಅಲ್ಲೇ ಇತ್ತು. ಕಾಕಾ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೊಂದು ಹೊಡೆದು ಬಂದರು. “ಸೀನಿಯರ್ ಅದ ಅಲ್ರಿ,” ಅಂದರು ನನಗೆ.

ಉಸ್ತಾದರ ಬತ್ತಳಿಕೆಯಲ್ಲಿದ್ದ ದೊಡ್ಡ ಅಸ್ತ್ರ ಬೈಗುಳವಲ್ಲ, “ಆವಾಜ್ ನಹೀಂ ಆಯಾ!” ಎಂಬ ಮೂರು ಮಾತು. ಹಿಂದಿ ಬಲ್ಲವರು ‘ಆವಾಜ್’ ಸ್ತ್ರೀಲಿಂಗ, ‘ಆಯೀ’ ಅನ್ನಬೇಕು ಅಂತಾರೆ. ಫೌಜಿ ಹಿಂದಿಯಲ್ಲಿ ಲಿಂಗಭೇದ ಇಲ್ಲ. ಹುಡುಗರು ನಂಬರ್ ಕೂಗಿದರೆ ಆವಾಜ್ ನಹೀಂ ಆಯಾ. ಹೆಜ್ಜೆ ಅಪ್ಪಳಿಸಿದರೆ ಆವಾಜ್ ನಹೀಂ ಆಯಾ. ಒಮ್ಮೆ ಲಂಗರಿನಲ್ಲಿ ಸದ್ದಿಲ್ಲದೆ ಉಣ್ಣುತ್ತಿದ್ದವನ ತಲೆ ಮೇಲೆ ನಿಂತು ಅದನ್ನೇ ಅಂದರಂತೆ. ಅವನು ದಾಲ್ ಅನ್ನು ಸೊರ್ರೆಂದು ಕುಡಿದು ತೋರಿಸಿದ.

ಇಂಥವರ ಕೈಯಲ್ಲಿ ಪಳಗಿದ ದೇಹ ಮನೆಗೆ ಬಂದ ಮೇಲೆ ಏನು ಮಾಡುತ್ತದೆ ಎಂಬುದನ್ನು ಅವರ ಹೆಂಡತಿ ಕಾಕು ಅವರ ಬಾಯಲ್ಲೇ ಕೇಳಬೇಕು. ತೇಜ್ ಚಲ್ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು, ಅಂದರೆ ನಿಮಿಷಕ್ಕೆ ಸರಿಯಾಗಿ 300 ಅಡಿ. ಕಾಕಾ ಸೋಮವಾರದ ಬಸವಣ್ಣನ ದರ್ಶನಕ್ಕೂ ಇದೇ ಲೆಕ್ಕದಲ್ಲಿ ನಡೆಯುತ್ತಾರೆ. ಹಿಂದೆ ಕಾಯಿ, ಊದಿನಕಡ್ಡಿ, ಮೊಣಕಾಲು ನೋವು ಎಲ್ಲ ಹೊತ್ತು ಬರುವ ಕಾಕು, “ನಾವು ಗುಡಿಗೆ ಹೊಂಟೇವೋ, ಗಡಿಗೆ ಹೊಂಟೇವೋ?” ಅಂತ ಕೇಳುತ್ತ ಬರುತ್ತಾರೆ. ಮೊಮ್ಮಗಳ ಮದುವೆಯ ಫೋಟೋದಲ್ಲಿ ಬೀಗರೆಲ್ಲ ನಗುತ್ತಿದ್ದರೆ ಕಾಕಾ ಒಬ್ಬರೇ ಸಾವಧಾನ್. ಹಿಮ್ಮಡಿ ಕೂಡಿವೆ, ಪಾದಗಳ ನಡುವೆ 30 ಡಿಗ್ರಿ ಕೋನ, ಮುಷ್ಟಿಯ ಹೆಬ್ಬೆರಳು ಪ್ಯಾಂಟಿನ ಹೊಲಿಗೆಯ ಮೇಲೆ ಇರಬೇಕೆಂಬ ನಿಯಮದ ಪ್ರಕಾರ ಕೆಳಗೆ ಹುಡುಕುತ್ತಿದೆ. ಉಟ್ಟದ್ದು ಧೋತರ. ಧೋತರಕ್ಕೆ ಹೊಲಿಗೆ ಎಲ್ಲಿಂದ ಬರಬೇಕು?

“ನೀವು ನಿಮ್ಮ ಉಸ್ತಾದನ್ನ ಲಗ್ನಾ ಆಗಬೇಕಿತ್ರಿ,” ಅನ್ನುವುದು ಕಾಕು ಅವರ ಕೊನೆಯ ಬಾಣ. ಕಾಕಾ ಇದಕ್ಕೆ ಸಿಟ್ಟಾಗುವುದಿಲ್ಲ, ಸ್ವಲ್ಪ ಯೋಚಿಸುತ್ತಾರೆ. ಅದೇ ಕಾಕುವಿಗೆ ಹೆಚ್ಚು ಸಿಟ್ಟು.

ಚಹಾದಂಗಡಿಯ ಕಟ್ಟೆಯಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬರು ಸ್ಯಾಪರ್, ಇನ್ನೊಬ್ಬರು ಏರ್‌ಫೋರ್ಸ್. ಬೇರೆ ಕಡೆ ಮುದುಕರು ಮಕ್ಕಳ ಪಗಾರದ ಬಗ್ಗೆ ಪೈಪೋಟಿ ಮಾಡುತ್ತಾರೆ. ಇಲ್ಲಿ ಪೈಪೋಟಿ ಯಾರ ಉಸ್ತಾದ ಹೆಚ್ಚು ರಾಕ್ಷಸ ಎಂಬುದಕ್ಕೆ. ತಮ್ಮ ಉಸ್ತಾದ ಕಡಿಮೆ ರಗಡಾ ಕೊಟ್ಟ ಎಂದು ಒಪ್ಪಿಕೊಳ್ಳುವುದು ಹೊಲದ ಬದು ಬಿಟ್ಟುಕೊಟ್ಟಷ್ಟು ಅವಮಾನ. ಸ್ಯಾಪರ್ ಕಾಕಾ ಹೇಳುತ್ತಾರೆ: “ನಿಮಗ ತಮ್ಮಾ ಅಂತ ತಪ್ಪಿ ಕೇಳಿಸ್ತು. ನಮ್ಮನ್ನ ಖರೇನ ತಂಬಿ ಅಂತ ಕರೀತಿದ್ರು. ತಂಬಿ ಅಂದು ಗುಂಡಿ ತೋಡಸ್ತಿದ್ರು. ತೋಡಿದ ಮ್ಯಾಲೆ ತಂಬಿ ಅಂದು ಮುಚ್ಚಸ್ತಿದ್ರು.” ಏರ್‌ಫೋರ್ಸಿನವರು ಬಾಯಿ ತೆರೆದರೆ ಉಳಿದಿಬ್ಬರೂ ಒಂದಾಗುತ್ತಾರೆ. “ನಿಮಗೇನ್ರಿ, ಇಸ್ತ್ರಿ ಅಂಗಿ, ಟೇಬಲ್ ಮ್ಯಾಲೆ ಊಟ.” ಅವರೂ ಪಾಪ ಬಿಸಿಲಲ್ಲಿ ಬೆಂದವರೇ. ಆದರೆ ನೀಲಿ ಅಂಗಿಗೆ ಈ ಕಟ್ಟೆಯಲ್ಲಿ ನ್ಯಾಯ ಸಿಕ್ಕಿದ್ದಿಲ್ಲ.

2022ರಲ್ಲಿ ಅಗ್ನಿವೀರರ ಭರ್ತಿ ಶುರುವಾದ ಮೇಲೆ ಕಾಕಾನಿಗೆ ಹೊಸ ಉದ್ಯೋಗ ಹುಟ್ಟಿತು. ನಾಲ್ಕೇ ವರ್ಷದ ನೌಕರಿ ಎಂದು ಮೊದಲು ಮೂಗು ಮುರಿದರು. ಆಮೇಲೆ 1.6 ಕಿಲೋಮೀಟರ್ ಓಟಕ್ಕೆ ತಯಾರಿ ಮಾಡುವ ಹುಡುಗರು ನಸುಕಿನಲ್ಲಿ ಹೈಸ್ಕೂಲ್ ಮೈದಾನಕ್ಕೆ ಬರತೊಡಗಿದಾಗ ತಾವೇ ಸೀಟಿ ಹಿಡಿದು ಹೋದರು. ಮೊದಲ ದಿನವೇ “ಆವಾಜ್ ನಹೀಂ ಆಯಾ!” ಪಕ್ಕದ ಓಣಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು ರೀಲ್ಸ್ ಮಾಡಿಕೊಂಡಿದ್ದಾರೆ. ಕಾಕಾ ಬೈದು ಮುಗಿಸಿ ಚೀಲದಿಂದ ಬಾಳೆಹಣ್ಣು ತೆಗೆದು ಹಂಚುವುದು ಮಾತ್ರ ರೀಲ್ಸ್‌ನಲ್ಲಿಲ್ಲ. ಅದನ್ನೂ ಮೊಬೈಲಿನಲ್ಲಿ ಹಿಡಿದರೆ ಹಣ್ಣು ಬಂದ್ ಎಂದು ಎಚ್ಚರಿಕೆ ಕೊಟ್ಟಿದ್ದಾರೆ.

ಆ ಹುಡುಗರಲ್ಲೊಬ್ಬ ಯಾವ ಯಾವುದೋ ಮಾಜಿ ಸೈನಿಕರ ವಾಟ್ಸಾಪ್ ಗುಂಪು ಜಾಲಾಡಿ ಕಾಕಾನ ಉಸ್ತಾದರ ನಂಬರ್ ತಂದೇಬಿಟ್ಟ. ಉಸ್ತಾದರು ಎಂಬತ್ತು ದಾಟಿ ಬದುಕಿದ್ದರು. ಎರಡು ದಿನ ಕಾಕಾ ಆ ಚೀಟಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದರು. ಮೂರನೆಯ ದಿನ ಕಟಿಂಗ್ ಮಾಡಿಸಿಕೊಂಡು ನಮ್ಮನೆಗೆ ಬಂದರು. ಫೋನಿನಲ್ಲಿ ತಲೆ ಕಾಣುವುದಿಲ್ಲವೆಂದು ನಾನು ಹೇಳಲಿಲ್ಲ.

ನಾನೇ ನಂಬರ್ ಒತ್ತಿ ಸ್ಪೀಕರ್ ಹಾಕಿದೆ. ಕಾಕಾ ಎದ್ದು ನಿಂತರು. ಹಿಮ್ಮಡಿ ಕೂಡಿದವು.

“ರಾಮ್ ರಾಮ್ ಉಸ್ತಾದ್!” ಎಂದು ತಮ್ಮ ಹೆಸರು, ವರ್ಷ ಹೇಳಿದರು.

ಆ ಕಡೆ ಸ್ವಲ್ಪ ಹೊತ್ತು ಉಸಿರಾಟವಷ್ಟೇ. ಆಮೇಲೆ ಒಂದು ತೆಳ್ಳನೆ ದನಿ: “ಆವಾಜ್ ನಹೀಂ ಆಯಾ, ಬೇಟಾ.”

ಕಾಕಾನ ಮುಖ ಅರಳಿದ್ದನ್ನು ನಾನು ಬಣ್ಣಿಸಲಾರೆ. ಎದೆ ಉಬ್ಬಿಸಿ ತಮ್ಮ ಸೈನಿಕ ನಂಬರನ್ನು ಎಂಥ ದನಿಯಲ್ಲಿ ಕೂಗಿದರೆಂದರೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಸೌಟು ಕೈಬಿಟ್ಟಳು. ಮತ್ತೆ “ಆವಾಜ್ ನಹೀಂ ಆಯಾ” ಬಂತು. ಕಾಕಾ ಮತ್ತೆ ಕೂಗಿದರು. ಮೂರನೆಯ ಸಲಕ್ಕೆ ಕಾಕಾನ ಕಣ್ಣಲ್ಲಿ ನೀರು. ಕರವಸ್ತ್ರ ಹುಡುಕುತ್ತ ಅಂಗಳಕ್ಕೆ ಹೋದರು. ಫೋನಿನಲ್ಲಿ ಹೆಣ್ಣುಮಗಳೊಬ್ಬಳು ಮರಾಠಿಯಲ್ಲಿ, ಮಾವನವರ ಕಿವಿಯ ಮಶೀನಿನ ಸೆಲ್ಲು ಮುಗಿದಿದೆ, ನಾಳೆ ತರಿಸುತ್ತೇವೆ, ಯಾರೆಂದು ಹೇಳಲಿ ಎಂದು ಕೇಳಿದಳು. ಹೇಳಿದೆ.

ಸಂಜೆ ಕಟ್ಟೆಗೆ ಹೋದಾಗ ಚಹಾ ಆರಿ ತಣ್ಣಗಾಗಿತ್ತು, ಕಾಕಾ ನಿಂತೇ ಮಾತಾಡುತ್ತಿದ್ದರು. “ಎಂಬತ್ತು ದಾಟ್ಯಾರ, ಇನ್ನೂ ಅದೇ ಕಡಕ್! ಮೂರು ಸಲ ಕೂಗಿಸಿದ್ರು. ಬೇಕಾದ್ರ ಇವರನ್ನ ಕೇಳ್ರಿ, ಮುಂದನ ಇದ್ರು.”

ಮೂವರೂ ನನ್ನ ಕಡೆ ತಿರುಗಿದರು. “ಹೌದ್ರಿ, ಮೂರು ಸಲ,” ಅಂದೆ.

ಸ್ಯಾಪರ್ ಕಾಕಾ ಗ್ಲಾಸು ಕೆಳಗಿಟ್ಟು, ನಂಬರ್ ಹುಡುಕಿ ತಂದ ಆ ಹುಡುಗನ ಮನೆ ಯಾವ ಓಣಿಯಲ್ಲಿದೆ ಎಂದು ವಿಚಾರಿಸತೊಡಗಿದರು.