ಹಸುವಿಲ್ಲದ ಮನೆಯ ಹುಲ್ಲು

ಗೊಬ್ಬರ ಹಾಕಿ ಹುಲ್ಲು ಬೆಳೆಸುವುದು, ಬೆಳೆದದ್ದೇ ತಡ ಕತ್ತರಿಸಿ ಎಸೆಯುವುದು. ಮನೆಯಲ್ಲಿ ನೋಡಿದರೆ ಒಂದು ಹಸುವೂ ಇಲ್ಲ! ಇಂಗ್ಲೆಂಡಿನ ಮಗನ ಮನೆಗೆ ಹೋದ ಮಲೆನಾಡಿನ ಅಮ್ಮನಿಗೆ ಈ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಅಲ್ಲಿನ ಹಿತ್ತಲಿನ ಬದ್ಧವೈರಿ ಪಾಚಿ. ನೆರಳು, ತೇವ, ತುಳಿದು ಗಟ್ಟಿಯಾದ ಮಣ್ಣು ಸಿಕ್ಕರೆ ಸಾಕು, ಕರೆಯದೆ ಬಂದು ಹಾಸಿಕೊಂಡು ಕೂರುತ್ತದೆ. ನಿಜವಾದ ಬೇರೇ ಇಲ್ಲದ್ದನ್ನು ಬೇರುಸಹಿತ ಕೀಳುವುದಾದರೂ ಹೇಗೆ? ಅದಕ್ಕೇ ಕಬ್ಬಿಣದ ಸಲ್ಫೇಟ್. ಚಿಮುಕಿಸಿದ ಕೆಲವೇ ದಿನಗಳಲ್ಲಿ ಪಾಚಿ ಸೀದ ಒಗ್ಗರಣೆಯಂತೆ ಕಪ್ಪಾಗುತ್ತದೆ. ಆಮೇಲೆ ತಂತಿಹಲ್ಲಿನ ರೇಕು ಹಿಡಿದು ಬಾಚಬೇಕು. ರಾಶಿ ನೋಡಿದರೆ ಇಷ್ಟು ದಿನ ಸಾಕಿದ್ದು ಹುಲ್ಲನ್ನೋ ಪಾಚಿಯನ್ನೋ ಎಂಬ ಅನುಮಾನ. ಮಗರಾಯ ಸಲ್ಫೇಟ್ ಚೆಲ್ಲುವಾಗ ಒಂದಿಷ್ಟು ಕಲ್ಲುಹಾಸಿನ ಮೇಲೂ ಬಿತ್ತು. ಪಾಚಿ ಹೋಯಿತು, ತುಕ್ಕಿನ ಕಲೆ ಉಳಿಯಿತು.

ಗೊಬ್ಬರಕ್ಕೂ ಪಥ್ಯವಿದೆ: ವಸಂತದಲ್ಲಿ ಸಾರಜನಕ ಹೆಚ್ಚು, ಚಳಿಗೆ ಮುಂಚೆ ಪೊಟ್ಯಾಷ್. ಬಾಣಂತನಕ್ಕೂ ಇಷ್ಟು ಲೆಕ್ಕವಿರಲಿಲ್ಲ ಎನ್ನುತ್ತಾರೆ ಅಮ್ಮ.

ಅತ್ತ ಜಪಾನಿನ ಕ್ಯೋಟೊದಲ್ಲಿ ಸೈಹೋಜಿ ಎಂಬ ದೇವಾಲಯವಿದೆ. ಅದರ ತೋಟದಲ್ಲಿ ಸುಮಾರು 120 ಬಗೆಯ ಪಾಚಿ. ಜನ ಮೊದಲೇ ಹೆಸರು ಬರೆಸಿ, ದುಡ್ಡು ಕೊಟ್ಟು ನೋಡಿ ಬರುತ್ತಾರೆ. ಇದನ್ನು ಕೇಳಿದ ಅಮ್ಮ, ರೇಕು ಹಿಡಿದು ಬೆವರುತ್ತಿದ್ದ ಮಗನಿಗೆ ಹೇಳಿದ್ದಿಷ್ಟೇ: "ಬಿಡೋ ಮಾರಾಯ, ಟಿಕೆಟ್ ಇಡು."