ಶಿಬಿರ ಮೀಮಾಂಸೆ: ಒಂದು ಅಂತರ್‌ಶಿಸ್ತೀಯ ಉಪೋದ್ಘಾತ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಇರಲೇಬೇಕೆಂದು ಪೂರ್ವಾಚಾರ್ಯರು ವಿಧಿಸಿದ್ದಾರೆ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿಗಳು ಯಾರೆಂದರೆ, ಅಮೆರಿಕದಲ್ಲಿ ನೆಲೆಸಿ, ಪಿಟೀಲನ್ನೋ ವಯೋಲಾವನ್ನೋ ಚೆಲ್ಲೋವನ್ನೋ ನುಡಿಸುವ ಹದಿಹರೆಯದ ಸಂತಾನವುಳ್ಳ ದಂಪತಿಗಳು. ವಿಷಯ: ಜೂನ್ ಕೊನೆಯಿಂದ ಆಗಸ್ಟ್ ಆದಿಯವರೆಗಿನ ಆರೇಳು ವಾರ ಆ ಸಂತಾನವನ್ನು ಯಾವ ಸಂಗೀತ ಶಿಬಿರಕ್ಕೆ ಅಟ್ಟುವುದು. ಸಂಬಂಧ: ಕ್ರೆಡಿಟ್ ಕಾರ್ಡ್. ಪ್ರಯೋಜನದ ಬಗ್ಗೆ ಪಂಡಿತರಲ್ಲಿ ಭಿನ್ನಮತವಿದೆ. ಕಾಲೇಜು ಅರ್ಜಿಗೆ ಒಂದು ಸಾಲು ಸೇರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನೆನೆಯದೆ ಯಾರೂ ಮಲಗುವುದೂ ಇಲ್ಲ. ಮಗು ಮಾತ್ರ ಈ ನಾಲ್ಕರಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ನಿಮಿತ್ತ.

ಅಧ್ಯಯನದ ಮೂಲ ಆಕರಗಳು ಶಿಬಿರಗಳು ಹೊರಡಿಸುವ ಕೈಪಿಡಿಗಳು. ಕಿಶೋರ ತಂತಿವಾದಕ ಅಸ್ಮಿತೆಯ ಸಾಂಸ್ಥಿಕ ಮುಖಾಮುಖಿಯ ಬಹುಆಯಾಮೀ ನೆಲೆಗಳನ್ನು ಕಟ್ಟಿಕೊಡುವ ಈ ಕಥನಗಳಲ್ಲಿ ಮೂರು ಬೀಜಾಕ್ಷರಗಳು ತಪ್ಪದೆ ಸಿಗುತ್ತವೆ: ಪರಿವರ್ತನಾತ್ಮಕ ಅನುಭವ, ವಿಶ್ವದರ್ಜೆಯ ಬೋಧಕವರ್ಗ, ಅಕ್ಕರೆಯ ವಾತಾವರಣದಲ್ಲಿ ಕಠಿಣ ತರಬೇತಿ. ಜೊತೆಗೆ ಒಂದು ಚಿತ್ರ. ಅದರಲ್ಲಿ ಸರೋವರ, ದೇವದಾರು, ಹುಲ್ಲಿನ ಮೇಲೆ ನಗುತ್ತ ಪಿಟೀಲು ಹಿಡಿದ ಮಕ್ಕಳು. ಬಿಸಿಲಲ್ಲಿ ವಾದ್ಯವನ್ನು ಹೊರಗೆ ತಂದರೆ ವಾರ್ನಿಷ್ ಏನಾಗುತ್ತದೆಂದು ಬಲ್ಲ ಯಾವ ಮೇಷ್ಟರೂ ಆ ಚಿತ್ರ ತೆಗೆಯುವಾಗ ಹತ್ತಿರವಿರಲಿಲ್ಲ ಎಂಬುದು ನಮ್ಮ ಊಹೆ.

ಇನ್ನು ವರ್ಗೀಕರಣ. ಮುಕ್ತಿ ನಾಲ್ಕು ಬಗೆ. ಶಿಬಿರಗಳೂ ನಾಲ್ಕೇ ಬಗೆ.

ಮೊದಲನೆಯದು ಸಾಲೋಕ್ಯ, ಅಂದರೆ ದೇವತೆಗಳ ಲೋಕದಲ್ಲೇ ಇರುವುದು. ಉದಾಹರಣೆಗೆ 1949ರಲ್ಲಿ ಆರಂಭವಾದ ಕೊಲರಾಡೋದ ಆಸ್ಪೆನ್ ಉತ್ಸವ. ಇದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆಯಾದ್ದರಿಂದ ಲೋಕ ಎಂಬ ಪದ ಅಕ್ಷರಶಃ ಸಲ್ಲುತ್ತದೆ. ಕಾಫಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರು ಸಂಜೆ ಕಛೇರಿಯಲ್ಲಿ ಸೋಲೋ ನುಡಿಸುವವರಾಗಿರಬಹುದು. ಒಣಹವೆಗೆ ಬಿರಡೆ ಜಾರುತ್ತದೆ, ಶ್ರುತಿ ಇಳಿಯುತ್ತದೆ. ಮುಕ್ತಿಮಾರ್ಗದಲ್ಲಿ ಇವೆಲ್ಲ ಅಲ್ಪ ವಿಘ್ನಗಳು.

ಎರಡನೆಯದು ಸಾಮೀಪ್ಯ. ಮ್ಯಾಸಚೂಸೆಟ್ಸ್‌ನ ಲೆನಾಕ್ಸ್ ಬಳಿಯ ಟ್ಯಾಂಗಲ್‌ವುಡ್ ಬಾಸ್ಟನ್ ಸಿಂಫನಿಯ ಬೇಸಿಗೆ ಬಿಡಾರ. ಬಾಸ್ಟನ್ ವಿಶ್ವವಿದ್ಯಾಲಯ 1966ರಿಂದ ಅದರ ಮಗ್ಗುಲಲ್ಲೇ ಹೈಸ್ಕೂಲು ಮಕ್ಕಳ ಶಿಬಿರ ನಡೆಸುತ್ತಿದೆ. ಗೋಡೆಯಿಲ್ಲದ, ಶೆಡ್ ಎಂದೇ ಹೆಸರಾದ ಸಭಾಂಗಣದಲ್ಲಿ ದೊಡ್ಡವರ ತಾಲೀಮನ್ನೇ ಕೂತು ಕೇಳಬಹುದು. ಅಣಕಿಗೆಂದು ಕೂತವನಿಗೂ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಮುಂದಕ್ಕೆ ಹೋಗೋಣ.

ಮೂರನೆಯದು ಸಾರೂಪ್ಯ, ಎಲ್ಲರೂ ಒಂದೇ ರೂಪ. ಮಿಶಿಗನ್‌ನಲ್ಲಿ ಎರಡು ಸರೋವರಗಳ ನಡುವೆ ಜೋಸೆಫ್ ಮ್ಯಾಡಿ 1928ರಲ್ಲಿ ಕಟ್ಟಿದ ಇಂಟರ್‌ಲಾಕೆನ್ ತನ್ನ ನೀಲಿ ಸಮವಸ್ತ್ರಕ್ಕೆ ಹೆಸರುವಾಸಿ. ಬಟ್ಟೆಯಲ್ಲಿ ಸಮತೆ ಸಾಧಿಸಿದ ಮೇಲೆ ಅಸಮತೆಗೂ ಎಲ್ಲಾದರೂ ಜಾಗ ಬೇಕಲ್ಲ? ಆರ್ಕೆಸ್ಟ್ರಾದ ಮುಂದಿನ ಕುರ್ಚಿಗಾಗಿ ಪಕ್ಕದವರಿಗೆ ವಾರವಾರವೂ ಸವಾಲು ಹಾಕುವ ಪದ್ಧತಿ ಅಲ್ಲಿ ಬಹುಕಾಲ ನಡೆದಿತ್ತು. ತೀರ್ಪು ಕೊಡುತ್ತಿದ್ದವರು ಜೊತೆಗೆ ನುಡಿಸುವ ಮಕ್ಕಳೇ.

ನಾಲ್ಕನೆಯದು ಸಾಯುಜ್ಯ: ವಾದ್ಯವೂ ವಾದಕನೂ ಬೇರೆಯಲ್ಲವೆಂಬ ಸ್ಥಿತಿ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ ಇವಾನ್ ಗಲಾಮಿಯನ್ 1944ರಲ್ಲಿ ಸ್ಥಾಪಿಸಿದ ಮೆಡೋಮೌಂಟ್ ಇದಕ್ಕೆ ಪ್ರಮಾಣ. ಕೋಣೆಯಲ್ಲಿ ಒಬ್ಬರೇ ಕೂತು ದಿನಕ್ಕೆ ನಾಲ್ಕೈದು ಗಂಟೆ ಸಾಧನೆ. ಸದ್ದು ನಿಂತರೆ ಬಾಗಿಲಾಚೆ ಯಾರಾದರೂ ಬಂದಾರು. ಇಟ್ಜಾಕ್ ಪರ್ಲ್‌ಮನ್ ಅಲ್ಲಿ ಕಲಿತವರು. ಅಲ್ಲಿ ಕಲಿತೂ ಇಟ್ಜಾಕ್ ಪರ್ಲ್‌ಮನ್ ಆಗದವರ ಹೆಸರುಗಳು ಕೈಪಿಡಿಯ ಗಾತ್ರದ ಮಿತಿಯಿಂದ ಬಿಟ್ಟುಹೋಗಿವೆ.

ಇಲ್ಲಿಗೆ ಚತುರ್ವಿಧ ವರ್ಗೀಕರಣ ಸಿದ್ಧವಾಯಿತು ಎನ್ನುವಷ್ಟರಲ್ಲಿ ಶೆಲ್ಟರ್ ಐಲೆಂಡಿನ ಶಿಬಿರ ಅಡ್ಡ ಬರುತ್ತದೆ. ಇಟ್ಜಾಕ್ ಅವರ ಪತ್ನಿ ಟೋಬಿ ಪರ್ಲ್‌ಮನ್ ಹುಟ್ಟುಹಾಕಿದ ಈ ಶಿಬಿರದಲ್ಲಿ ಪಿಟೀಲು, ಚೆಲ್ಲೋ ಮಕ್ಕಳೆಲ್ಲ ವಾದ್ಯ ಬದಿಗಿಟ್ಟು ಕೋರಸ್‌ನಲ್ಲಿ ಹಾಡಬೇಕು. ಇದು ಯಾವ ಮುಕ್ತಿ? ನಮ್ಮ ಪಟ್ಟಿಯಲ್ಲಿ ಐದನೆಯದಿಲ್ಲ. ವರ್ಗೀಕರಣವನ್ನು ಕೈಬಿಡಲಾಗಿದೆ.

ಪ್ರಮಾಣ ವಿಚಾರ. ಆಯ್ಕೆ ಮಾಡುವ ದಂಪತಿಗಳು ಪ್ರತ್ಯಕ್ಷವನ್ನು ನಂಬುವುದಿಲ್ಲ, ಏಕೆಂದರೆ ನಾಲ್ಕು ರಾಜ್ಯ ದಾಟಿ ಹೋಗಿ ನೋಡಲು ರಜೆಯಿಲ್ಲ. ಅನುಮಾನವನ್ನೂ ನಂಬುವುದಿಲ್ಲ, ಏಕೆಂದರೆ ಅದಕ್ಕೆ ಯೋಚಿಸಬೇಕು. ಉಳಿಯುವುದು ಆಪ್ತವಾಕ್ಯ. ಯೂತ್ ಆರ್ಕೆಸ್ಟ್ರಾದ ತಾಲೀಮು ಮುಗಿಯುವವರೆಗೆ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ಹೀಟರ್ ಹಾಕಿಕೊಂಡು ಕೂತ ಇನ್ನೊಬ್ಬ ತಾಯಿ ಗಾಜು ಇಳಿಸಿ ಏನು ಹೇಳುತ್ತಾಳೋ ಅದೇ ಶ್ರುತಿ, ಅದೇ ಸ್ಮೃತಿ. ‘ಅಲ್ಲಿಗಾ? ಅದು ಈಗ ಮೊದಲಿನ ಹಾಗಿಲ್ಲ ಕಣ್ರೀ’ ಎಂಬ ಒಂದು ವಾಕ್ಯಕ್ಕೆ ಎಂಬತ್ತು ವರ್ಷದ ಸಂಸ್ಥೆ ಮಗುಚಿ ಬೀಳುತ್ತದೆ.

ಅದೇ ಪೀಠದಿಂದ ಹೊರಡುವ ಇನ್ನೊಂದು ಉಪದೇಶ ವಯೋಲಾಂತರ. ಪಿಟೀಲಿನವರು ಇರುವೆಯಂತೆ ಸಾಲುಗಟ್ಟಿದ್ದಾರೆ, ವಯೋಲಾದವರು ಎಲ್ಲೆಡೆ ಕಡಿಮೆ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಮಗುವಿನ ಕೈಗೆ ದೊಡ್ಡ ವಾದ್ಯ ಕೊಟ್ಟು, ಆಲ್ಟೋ ಕ್ಲೆಫ್ ಓದಲು ಕಲಿಸಿದರೆ ಫೆಬ್ರವರಿಗೆ ಬಾಗಿಲು ತೆರೆಯುತ್ತದೆ. ವಯೋಲಾದ ಕೆಳತಂತಿಯ ನಾದವನ್ನು ನಿಜಕ್ಕೂ ಮೆಚ್ಚಿ ಅದನ್ನು ಹಿಡಿದ ಮಗುವಿಗೆ ಈ ಸಿದ್ಧಾಂತ ಕಿವಿಗೆ ಬಿದ್ದಾಗ ಏನನ್ನಿಸುತ್ತದೆ ಎಂಬುದು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ವಿಡಿಯೋ ಪ್ರಕರಣ. ಅರ್ಜಿಯೊಂದಿಗೆ ಕಳಿಸುವ ವಿಡಿಯೋವನ್ನು ಎಡಿಟ್ ಮಾಡುವಂತಿಲ್ಲ, ಒಂದು ಮೂವ್‌ಮೆಂಟ್ ಶುರುವಿನಿಂದ ಕೊನೆಯವರೆಗೆ ಒಂದೇ ಟೇಕ್‌ನಲ್ಲಿ ಮುಗಿಯಬೇಕು. ಬಾಖ್‌ನ ಏಕವಾದ್ಯ ಕೃತಿ ಒಂದು, ಕನ್ಸರ್ಟೋ ಒಂದು. ಕನ್ಸರ್ಟೋ ಎಂದರೆ ಮನೆಮನೆಯಲ್ಲೂ ಬ್ರುಖ್‌ನ ಜಿ ಮೈನರ್. ಪಾಪ ಬ್ರುಖ್ ಅದನ್ನು ಪ್ರಕಾಶಕರಿಗೆ ಒಂದೇ ಗಂಟಿಗೆ ಮಾರಿಕೊಂಡಿದ್ದ. ಜಗತ್ತೆಲ್ಲ ಅದನ್ನೇ ನುಡಿಸುತ್ತಿದ್ದರೂ ಅವನಿಗೆ ಕಾಸು ಹುಟ್ಟಲಿಲ್ಲ. ತನ್ನ ಉಳಿದ ಕೃತಿಗಳನ್ನು ಯಾರೂ ಕೇಳುವುದಿಲ್ಲವೆಂದು ಸಾಯುವವರೆಗೂ ಸಿಡುಕುತ್ತಿದ್ದ. ಜನವರಿಯ ಶನಿವಾರಗಳಲ್ಲಿ ನಮ್ಮ ಮನೆಯಲ್ಲಿ ಕುಕ್ಕರ್ ಇಡುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ, ಊರಿನಿಂದ ಅಜ್ಜಿ ಫೋನ್ ಮಾಡುವಂತಿಲ್ಲ. ಗಂಟೆಗಿಷ್ಟೆಂದು ಹಣ ಪಡೆಯುವ ಪಿಯಾನೋದವರು ಗಡಿಯಾರ ನೋಡುತ್ತಾರೆ. ಮೊದಲ ಟೇಕ್‌ಗಳಲ್ಲಿ ನಮ್ಮ ಹುಡುಗಿ ಸಂಗೀತ ನುಡಿಸುತ್ತಾಳೆ, ಎಲ್ಲೋ ಒಂದು ಸ್ವರ ತಪ್ಪುತ್ತದೆ. ಕೊನೆಯ ಟೇಕ್‌ಗಳಲ್ಲಿ ಸ್ವರ ತಪ್ಪುವುದಿಲ್ಲ, ಸಂಗೀತವೂ ಇರುವುದಿಲ್ಲ. ನಾವು ಕಳಿಸುವುದು ಕೊನೆಯದನ್ನು.

ಇದೇ ಹುಡುಗಿ ಭಾನುವಾರ ಬೆಳಿಗ್ಗೆ ನೆಲದ ಮೇಲೆ ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ವರ್ಣವನ್ನು ಮೂರು ಕಾಲದಲ್ಲಿ ನುಡಿಸುತ್ತಾಳೆ. ಅರ್ಜಿಯಲ್ಲಿ ಅದಕ್ಕೆ ಅಂಕಣವಿಲ್ಲ. ‘ಇತರ ಆಸಕ್ತಿಗಳು’ ಎಂಬಲ್ಲಿ, ಈಜು ಮತ್ತು ಬೇಕಿಂಗ್ ನಡುವೆ, ಬರೆಯಬಹುದು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಮ್ಮ ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದರು. ಅವರು ಅರ್ಜಿಯ ಜಾಲತಾಣಕ್ಕೆ ವಿಡಿಯೋ ಏರಿಸಿದ್ದರೆ ವಾದ್ಯದ ಹೆಸರು ಆರಿಸುವ ಹಂತದಲ್ಲೇ ಕೆಂಪು ಅಕ್ಷರ ಬರುತ್ತಿತ್ತು.

ಅರ್ಥಶಾಸ್ತ್ರ. ದೊಡ್ಡ ಶಿಬಿರಗಳಲ್ಲಿ ಆರು ವಾರಕ್ಕೆ ಊಟ, ವಸತಿ, ಪಾಠ ಸೇರಿ ಹತ್ತು ಸಾವಿರ ಡಾಲರ್ ಆಸುಪಾಸು. ವಿಮಾನ ಬೇರೆ, ಚೆಲ್ಲೋ ಆದರೆ ಅದಕ್ಕೂ ಒಂದು ಸೀಟು ಬೇರೆ. ಅರ್ಜಿ ಶುಲ್ಕವಂತೂ ತಿರಸ್ಕೃತರಾದರೂ ವಾಪಸಿಲ್ಲ. ಪೂರ್ವಪಕ್ಷದವರು ಹೇಳುತ್ತಾರೆ: ಉಚಿತವೂ ಉಂಟಲ್ಲ? ಉಂಟು. ಕಾರ್ನೆಗೀ ಹಾಲ್ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಯುವ ಆರ್ಕೆಸ್ಟ್ರಾಕ್ಕೆ ಹದಿನಾರರಿಂದ ಹತ್ತೊಂಬತ್ತರವರು ಒಂದು ಕಾಸೂ ಕೊಡಬೇಕಿಲ್ಲ, ಪ್ರವಾಸವೂ ಪುಕ್ಕಟೆ. ಒಳ್ಳೆಯ ಕೆಲಸ, ಕೈಮುಗಿಯೋಣ. ಆದರೆ ಅತ್ಯಂತ ಇಕ್ಕಟ್ಟಾದ ಆ ಬಾಗಿಲ ಬಳಿ ತಲುಪುವವರು ಯಾರು? ಅಲ್ಲಿವರೆಗಿನ ಬೇಸಿಗೆಗಳಲ್ಲಿ ದುಡ್ಡು ಕೊಟ್ಟು ತೆರೆಸಿದ ಬಾಗಿಲುಗಳನ್ನು ದಾಟಿ ಬಂದವರೇ ಹೆಚ್ಚು. ಸ್ಕೂಲಿನಲ್ಲಿ ಆರ್ಕೆಸ್ಟ್ರಾ ಇಲ್ಲದ ಊರಿನ ಮಗು, ಬಾಡಿಗೆ ಪಿಟೀಲಿನಲ್ಲಿ ಕಲಿಯುವ ಮಗು, ಬೇಸಿಗೆಯಲ್ಲಿ ಕೆಲಸಕ್ಕೆ ಹೋಗಬೇಕಾದ ಮಗು ಸ್ಪರ್ಧೆಯಲ್ಲಿ ಸೋಲುವುದೂ ಇಲ್ಲ, ಸ್ಪರ್ಧೆ ನಡೆದದ್ದೇ ಅದಕ್ಕೆ ತಿಳಿಯುವುದಿಲ್ಲ. ಇದನ್ನು ಪ್ರತಿಭಾನ್ವೇಷಣೆ ಎಂದು ಕರೆಯಲು ನಾಚಿಕೆಯಾಗಬೇಕು. ಶುಲ್ಕ ಕಟ್ಟುವ ನಮಗೂ ಆಗಬೇಕು.

ಮುಂದಿನದು ಬೇನೆ ಪ್ರಕರಣ. ಇದನ್ನು ಸಂಸ್ಕೃತದಲ್ಲಿ ಬರೆಯಲು ಮನಸ್ಸಿಲ್ಲ. ಮನೆಯಲ್ಲಿ ದಿನಕ್ಕೆ ಒಂದೂವರೆ ಗಂಟೆ ನುಡಿಸುತ್ತಿದ್ದ ಕೈಯನ್ನು ಸೋಮವಾರದಿಂದ ಐದು ಗಂಟೆಗೆ ಏರಿಸಿದರೆ ಮಣಿಕಟ್ಟು ಊದಿಕೊಳ್ಳುತ್ತದೆ, ಹೆಗಲು ಕಟ್ಟುತ್ತದೆ. ಮಕ್ಕಳು ಹೇಳುವುದಿಲ್ಲ. ಹೇಳಿದರೆ ಕ್ವಾರ್ಟೆಟ್‌ನಲ್ಲಿ ತನ್ನ ಜಾಗ ಬೇರೆಯವರಿಗೆ ಹೋಗುತ್ತದೆ ಎಂಬ ಹೆದರಿಕೆ. ಹದಿನೈದರ ಹುಡುಗರು ಮಾತ್ರೆ ನುಂಗಿ ಗಲಾಮಿಯನ್ ಸ್ಕೇಲು ತಿಕ್ಕುವುದಕ್ಕೆ ಸಮರ್ಪಣೆ ಎಂಬ ಹೆಸರು ಕೊಟ್ಟವರು ದೊಡ್ಡವರು, ಅದೂ ಕಮಾನು ಹಿಡಿಯದ ದೊಡ್ಡವರು.

ಆದ್ದರಿಂದ ಸಿದ್ಧಾಂತದ ಬದಲು ಕೆಲವು ಪ್ರಶ್ನೆಗಳನ್ನು ಒಂದು ಶಿಬಿರಕ್ಕೆ ಬರೆದು ಕಳಿಸಿದೆ. ವಾರಕ್ಕೆ ಎಷ್ಟು ಪಾಠ? ಕೈಪಿಡಿಯ ಮುಖಪುಟದಲ್ಲಿರುವ ಮೇಷ್ಟರು ಅದರಲ್ಲಿ ಎಷ್ಟನ್ನು ತಾವೇ ಹೇಳಿಕೊಡುತ್ತಾರೆ, ಎಷ್ಟನ್ನು ಸಹಾಯಕರು? ಕ್ವಾರ್ಟೆಟ್ ತಾಲೀಮಿಗೆ ಪಕ್ಕದಲ್ಲಿ ಕೂತು ತಿದ್ದುವವರು ಇರುತ್ತಾರೆಯೇ? ಕೈ ನೋಯುತ್ತದೆ ಎಂದ ಮಗುವಿಗೆ ಆ ವಾರ ಏನು ಮಾಡಲು ಬಿಡುತ್ತೀರಿ?

ಉತ್ತರ ಮರುದಿನವೇ ಬಂತು, ಬಹಳ ಸೌಜನ್ಯದಿಂದ. ಪರಿವರ್ತನಾತ್ಮಕ ಎಂಬುದು ಅದರಲ್ಲಿ ಎರಡು ಕಡೆ ಇತ್ತು, ಅಂಕಿ ಒಂದೂ ಇರಲಿಲ್ಲ. ಕೆಳಗೆ ಮುಂಗಡ ಕಟ್ಟುವ ಕೊಂಡಿಯಿತ್ತು. ಅವೇ ಪ್ರಶ್ನೆಗಳನ್ನು ಮತ್ತೆ ಕಳಿಸಿದ್ದೇನೆ, ಈ ಸಲ ಕೈ ನೋವಿನದನ್ನು ಮೊದಲು ಹಾಕಿ.