ಗೇಜಪ್ಪನ ಮುಳ್ಳುಗಳು

ಡಲ್ಲಾಸ್ ಸುತ್ತಮುತ್ತಲ ಕನ್ನಡಿಗರ ಮನೆಗಳನ್ನು ಮುಂದೆ ನಿಂತ ಗಾಡಿ ನೋಡಿ ಗುರುತು ಹಿಡಿಯುವುದು ಕಷ್ಟ. ಎಲ್ಲ ಕಡೆ ಅದೇ ಟೊಯೋಟಾ, ಅದೇ ಹೋಂಡಾ, ಈಚೆಗೆ ಅದೇ ಟೆಸ್ಲಾ. ಗೇಜಪ್ಪನವರ ಮನೆಗೆ ಮಾತ್ರ ಆ ತಾಪತ್ರಯವಿಲ್ಲ. ಅಲ್ಲಿ ನಿಂತಿರುವುದು 2001ರ ಡಾಡ್ಜ್ ರ‍್ಯಾಮ್ ಪಿಕಪ್. ಒಳಗೆ ಕಮಿನ್ಸ್‌ನ 5.9 ಲೀಟರಿನ, 24 ವಾಲ್ವಿನ ಡೀಸೆಲ್ ಎಂಜಿನ್. ಬೆಳಿಗ್ಗೆ ಅದು ಚಾಲೂ ಆಯಿತೆಂದರೆ ಬೀದಿಯ ಕೊನೆಮನೆಯ ಕೂಸೂ ಎದ್ದು ಕೂರುತ್ತದೆ.

ಹಾಸನದ ಕಡೆಯ ಈ ಮನುಷ್ಯನಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಕನ್ನಡ ಕೂಟದ ಹುಡುಗರು ಗೇಜಪ್ಪ ಎಂದ ಮೇಲೆ ಅದು ಪಾಸ್‌ಪೋರ್ಟಿನಲ್ಲಷ್ಟೇ ಉಳಿದಿದೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ‘ಎಲ್ಲ ಸರಿಯಾಗಿದೆ’ ಎಂದಾಗ ನಂಬದಿರುವುದಕ್ಕೇ ಅವರಿಗೆ ಸಂಬಳ. ಗಾಡಿ 10 ಸಾವಿರ ಪೌಂಡಿಗೂ ಮೇಲೆ ಎಳೆಯಬಲ್ಲದು. ಆದರೆ ಬಹುಕಾಲದವರೆಗೆ ಅದು ಹೊತ್ತಿದ್ದ ಅತಿ ಭಾರದ ಹೊರೆಯೆಂದರೆ ರಾಜ್ಯೋತ್ಸವದ ವೇದಿಕೆಗೆ ಮಾಡಿಸಿದ ಥರ್ಮೋಕೋಲಿನ ಮೈಸೂರು ಅರಮನೆ.

ಕಂಪನಿ ಕೊಟ್ಟ ಡ್ಯಾಶ್‌ಬೋರ್ಡನ್ನು ಗೇಜಪ್ಪನವರು ಅರೆಗಳಿಗೆಯೂ ನಂಬುವುದಿಲ್ಲ. “ಮುಳ್ಳು ಮಧ್ಯದಲ್ಲಿ ನಿಂತಿದೆ ಅಂತ ನೀವು ಖುಷಿಯಾಗಿದ್ದೀರಿ ಸಾರ್. ಎಷ್ಟೋ ಗಾಡಿಗಳಲ್ಲಿ ಆಯಿಲ್ ಪ್ರೆಶರ್ ಮೀಟರಿನ ಹಿಂದೆ ಇರೋದು ಬರೀ ಒಂದು ಸ್ವಿಚ್ಚು. ಐದಾರು ಪಿಎಸ್‌ಐ ಒತ್ತಡ ಬಂದರೆ ಸಾಕು, ಮುಳ್ಳು ಮಧ್ಯಕ್ಕೆ ಬಂದು ಕೂತ್ಕೊಳ್ಳುತ್ತೆ. ಆಮೇಲೆ ಆರಿದ್ದರೂ ಅಲ್ಲೇ, ಅರವತ್ತಿದ್ದರೂ ಅಲ್ಲೇ. ಗಿರಾಕಿ ಗಾಬರಿ ಬೀಳಬಾರದು ನೋಡಿ!” ಈ ಮಾತು ನಿಜ. ಗೇಜಪ್ಪನವರ ಜೊತೆಗಿನ ತೊಂದರೆಯೇ ಅದು, ಅವರು ಹೇಳುವುದೆಲ್ಲ ನಿಜವಾಗಿರುತ್ತದೆ. ಟರ್ಬೊ ಎಷ್ಟು ಗಾಳಿ ತುಂಬುತ್ತಿದೆ, ಹೊಗೆ ಎಷ್ಟು ಕಾದಿದೆ, ಪಂಪಿಗೆ ಡೀಸೆಲ್ ಯಾವ ಒತ್ತಡದಲ್ಲಿ ಬರುತ್ತಿದೆ, ಗೇರ್‌ಬಾಕ್ಸಿನ ಎಣ್ಣೆ ಎಷ್ಟು ಬಿಸಿ, ಇದೊಂದನ್ನೂ ಆ ಡ್ಯಾಶ್‌ಬೋರ್ಡ್ ಬಾಯಿಬಿಡುವುದಿಲ್ಲ.

ಹಾಗಾಗಿ ನಾಲ್ಕು ಗೇಜು ಬೇಕು ಎಂದಾಯಿತು. ಅವರ ಮಗಳಿಗೆ ಕಾಲೇಜು ಆರಿಸುವುದು ಇದಕ್ಕಿಂತ ಬೇಗ ಮುಗಿಯಿತು. ಇಲಿನಾಯ್‌ನ ಆಟೋ ಮೀಟರೋ, ಆರೆಗನ್‌ನ ಇಸ್‌ಪ್ರೋನೋ? ಮುಳ್ಳು ಕಾಲು ಸುತ್ತು ತಿರುಗಿದರೆ ಸಾಕೋ, ಮುಕ್ಕಾಲು ಸುತ್ತು ತಿರುಗಬೇಕೋ? ಮೆಕ್ಯಾನಿಕಲ್ಲೋ, ಎಲೆಕ್ಟ್ರಿಕ್ಕೋ? ರಾತ್ರಿ ದೀಪದ ಬಣ್ಣ ಡ್ಯಾಶ್‌ಬೋರ್ಡಿನ ಬೆಳಕಿಗೆ ಹೊಂದಬೇಡವೇ? ಒಂದು ಮದುವೆಯ ಊಟದಲ್ಲಿ ಹೋಳಿಗೆ ಬಡಿಸುವಾಗ ಅವರು ಫೋನಿನಲ್ಲಿ ಎರಡು ಬಿಳಿ ಮುಖದ ಗೇಜುಗಳ ಚಿತ್ರ ಹಿಡಿದು, “ಯಾವುದು ಚೆನ್ನಾಗಿದೆ ಹೇಳಿ” ಎಂದರು. ನನ್ನ ಕಣ್ಣಿಗೆ ಎರಡೂ ಒಂದೇ. ಎಡಗಡೆಯದು ಎಂದೆ. “ಅದು ಬರೀ 30 ಪಿಎಸ್‌ಐವರೆಗೆ ಸಾರ್” ಎಂದು ನನ್ನನ್ನು ಕನಿಕರದಿಂದ ನೋಡಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಗೇಜಿನ ಮುಖಕ್ಕೆ ಎರಡು ಇಂಚು ಚಿಲ್ಲರೆ ಅಗಲ. ಮುಂಗಾಜಿನ ಪಕ್ಕದ ಕಂಬಕ್ಕೆ ಪ್ಲಾಸ್ಟಿಕ್ಕಿನ ಪಾಡ್ ಸಿಕ್ಕಿಸಿ ಒಂದರ ಮೇಲೊಂದು ಮೂರನ್ನು ಕೂರಿಸಿದರು, ನಾಲ್ಕನೆಯದು ಸ್ಟೀರಿಂಗ್ ಕಂಬದ ಮೇಲೆ. ಈಗ ಎಡಕ್ಕೆ ತಿರುಗುವಾಗ ರಸ್ತೆ ದಾಟುವವರು ಕಾಣುವುದಿಲ್ಲ. ಹೊಗೆಯ ಉಷ್ಣತೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ನಾಲ್ಕರಲ್ಲಿ ಪಟ್ಟದ ಗೇಜು ಪೈರೋಮೀಟರ್. ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದ ಕಡ್ಡಿಯೊಂದನ್ನು ಹೊಗೆಯ ದಾರಿಯಲ್ಲಿ ನಿಲ್ಲಿಸುತ್ತಾರೆ. ಅದು ಕಾದಷ್ಟೂ ಹುಟ್ಟುವ ಚೂರು ವಿದ್ಯುತ್ತು ಮುಳ್ಳನ್ನು ಏರಿಸುತ್ತದೆ. ಕಡ್ಡಿಯನ್ನು ಟರ್ಬೊ ಆದ ಮೇಲೆ ಹಾಕುವುದು ಸುಲಭ, ಆದರೆ ಎಂಜಿನ್ ಎಳೆಯುವಾಗ ಅಲ್ಲಿ ಇನ್ನೂರು ಮುನ್ನೂರು ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ತೋರಿಸುತ್ತದೆ. ನಿಜ ಗೊತ್ತಾಗಬೇಕಾದರೆ ಟರ್ಬೊಗೆ ಮುಂಚೆ, ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೇ ತೂತು ಕೊರೆಯಬೇಕು. ಕೊರೆದ ಪುಡಿಯಲ್ಲಿ ಒಂದು ಚೂರು ಒಳಗೆ ಉಳಿದರೂ ಅದು ಹೋಗಿ ಬೀಳುವುದು ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಚಕ್ರದ ಮೇಲೆ.

ಅದಕ್ಕೆ ಗೇಜಪ್ಪನವರು ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿದರು. ಒಂದು ಕೂದಲೆಳೆಯಷ್ಟು ಕೊರೆಯುವುದು, ಹೊರಗೆ ತೆಗೆಯುವುದು, ಗ್ರೀಸಿಗೆ ಅಂಟಿದ ಪುಡಿ ಒರೆಸುವುದು, ಮತ್ತೆ ಮೆತ್ತುವುದು. ಪಕ್ಕದಲ್ಲಿ ಅಯಸ್ಕಾಂತ ಹಿಡಿದು ನಿಲ್ಲುವ ಕೆಲಸ ನನ್ನದು. ತೂತು ಬೀಳುವ ಕೊನೆಯ ಗಳಿಗೆಗೆ ಎಂಜಿನ್ ಚಾಲೂ ಮಾಡಿಸಿದರು, ಹೊಗೆಯ ರಭಸಕ್ಕೆ ಉಳಿದ ಪುಡಿ ಹೊರಕ್ಕೆ ಹಾರಲಿ ಎಂದು. ಹಾರಿತು, ನನ್ನ ಅಂಗಿಯ ಮೇಲೆ. ಅಷ್ಟರಲ್ಲಿ ಬಾಗಿಲಿಗೆ ಬಂದ ಅವರ ಮನೆಯವರು, “ಏನ್ರೀ ಇದು, ಚೆನ್ನಾಗಿ ಓಡ್ತಿದ್ದ ಗಾಡಿಗೆ ನೀವೇ ತೂತು ಮಾಡ್ತಿದ್ದೀರಲ್ಲ!” ಎಂದರು. “ಚೆನ್ನಾಗಿ ಓಡ್ತಿದೆ ಅಂತ ನಿಂಗೆ ಹೆಂಗೆ ಗೊತ್ತು?” ಎಂದರು ಗೇಜಪ್ಪ. ಟೆಸ್ಟಿಂಗ್ ಇಲಾಖೆಯ ಗೋಡೆಗೆ ಬರೆಸಿ ಹಾಕುವಂಥ ಮಾತು.

ಡೀಸೆಲ್ ಒತ್ತಡದ ಗೇಜಿನ ಕತೆ ಇನ್ನೂ ಸೂಕ್ಷ್ಮ. ಈ ಎಂಜಿನ್ನಿನ ಇಂಜೆಕ್ಷನ್ ಪಂಪನ್ನು ತಂಪಾಗಿಡುವುದೂ ಜಾರುವಂತೆ ಮಾಡುವುದೂ ಅದರೊಳಗೆ ಹರಿಯುವ ಡೀಸೆಲ್ಲೇ. ಅದಕ್ಕೆ ಡೀಸೆಲ್ ತಳ್ಳುವ ಪುಟ್ಟ ಲಿಫ್ಟ್ ಪಂಪ್ ಸುಸ್ತಾಗಿ ಒತ್ತಡ ಇಳಿದರೆ ಸಾವಿರ ಡಾಲರಿಗೂ ಮೇಲಿನ ದೊಡ್ಡ ಪಂಪು ಸದ್ದಿಲ್ಲದೆ ಸಾಯುತ್ತದೆ. ಮೆಕ್ಯಾನಿಕಲ್ ಗೇಜಾದರೆ ಡೀಸೆಲ್ ಕೊಳವೆಯನ್ನೇ ಕ್ಯಾಬಿನ್ನಿನೊಳಗೆ ತರಬೇಕು, ಒಡೆದರೆ ತೊಡೆಯ ಮೇಲೆ ಅಭಿಷೇಕ. ಅದಕ್ಕೆ ಡೀಸೆಲ್ ಒಳಗೆ ಬರದಂತೆ ತಡೆಯಲು ನಡುವೆ ಐಸೊಲೇಟರ್. ಪಂಪಿನ ಬಡಿತಕ್ಕೆ ಗೇಜು ಕೆಡದಿರಲು ಒಂದು ಸಣ್ಣ ಸೂಜಿ ವಾಲ್ವು. ಪಂಪನ್ನು ಕಾಯಲು ಗೇಜು, ಗೇಜನ್ನು ಕಾಯಲು ವಾಲ್ವು, ಎಲ್ಲವನ್ನೂ ಕಾಯಲು ಗೇಜಪ್ಪ. ಮುಳ್ಳು 14ರಲ್ಲಿದ್ದರೆ ಅವರು ಹಾಡು ಗುನುಗುತ್ತಾರೆ. 10ಕ್ಕೆ ಬಂದರೆ ರೇಡಿಯೋ ಆರಿಸುತ್ತಾರೆ. 10ರ ಕೆಳಗೆ ಹೋದ ದಿನ ಅವರ ಜೊತೆ ಮಾತಾಡಲು ಹೋಗಬಾರದು.

ಕಾದ ಟರ್ಬೊವನ್ನು ತಟ್ಟನೆ ನಿಲ್ಲಿಸಿದರೆ ಬೇರಿಂಗಿನಲ್ಲಿ ನಿಂತ ಎಣ್ಣೆ ಸೀದು ಕರಿ ಕಟ್ಟುತ್ತದೆ. ಹಾಗಾಗಿ ಪೈರೋ ಮುಳ್ಳು 300ರ ಆಸುಪಾಸಿಗೆ ಇಳಿಯುವ ತನಕ ಗೇಜಪ್ಪ ಕೀಲಿ ತಿರುಗಿಸುವುದಿಲ್ಲ. ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಮಂಗಳಾರತಿಯ ಗಂಟೆಗೆ ಹೊರಗಿನಿಂದ ಕಮಿನ್ಸ್ ಎಂಜಿನ್ನಿನ ಗಟಗಟವೇ ಹಿಮ್ಮೇಳ. ಪುರೋಹಿತರು ತಟ್ಟೆ ಹಿಡಿದುಕೊಂಡೇ ಕಿಟಕಿಯಾಚೆ ನೋಡಿ, “ಅವರು ಇಳಿಯಲ್ವೇನು?” ಎಂದರು. “ಇಲ್ಲ ಸ್ವಾಮಿ, ಇನ್ನೂ 340 ಇದೆಯಂತೆ” ಎಂದ ನನ್ನ ಮಗ.

ಒಂದೇ ಕೊರಗು ಉಳಿದಿತ್ತು. ಡಲ್ಲಾಸ್ ಸುತ್ತ ನೆಲ ಅಕ್ಕಿರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಏರಿಲ್ಲ, ಹೊರೆಯಿಲ್ಲ, ಮುಳ್ಳು ಏಳುವುದಾದರೂ ಹೇಗೆ? ಅಷ್ಟರಲ್ಲಿ ನಮ್ಮ ಗೆಳೆಯರೊಬ್ಬರಿಗೆ ಡೆನ್ವರಿಗೆ ವರ್ಗವಾಯಿತು. ಸಾಮಾನು ಸಾಗಿಸುವ ಮಾತನ್ನು ಅವರು ಮುಗಿಸುವ ಮೊದಲೇ ಗೇಜಪ್ಪ ಟ್ರೇಲರ್ ಬಾಡಿಗೆಗೆ ಹಿಡಿದಿದ್ದರು.

ನ್ಯೂ ಮೆಕ್ಸಿಕೊ ದಾಟಿ ಕೊಲರಾಡೊಗೆ ಹತ್ತುವ ರಟೋನ್ ಪಾಸ್, 7,834 ಅಡಿ. ಮೇಲೇರಿದಷ್ಟೂ ಗಾಳಿ ತೆಳು, ಗಾಳಿ ತೆಳುವಾದಷ್ಟೂ ಹೊಗೆ ಬಿಸಿ. ಗೇಜಪ್ಪನವರ ಮುಖದಲ್ಲಿ ಮದುಮಗನ ಕಳೆ. “1,100!” ಎಂದರು. ಹಿಂದಿನ ಸೀಟಿನಿಂದ ಅವರ ಮನೆಯವರು, “ಅಯ್ಯೋ, ಆ ಗುಡ್ಡ ಎಷ್ಟು ಚೆನ್ನಾಗಿದೆ ನೋಡ್ರೀ” ಎಂದರು. “1,180!” “ಜಿಂಕೆ ಕಣ್ರೀ, ಜಿಂಕೆ!” “1,240! ಸಾರ್, ಅಲ್ಯೂಮಿನಿಯಂ ಕರಗೋದೇ 1,220 ಡಿಗ್ರಿಗೆ. ಪಿಸ್ಟನ್ ಯಾವುದರದ್ದು ಅಂದ್ಕೊಂಡ್ರಿ?” ಪಿಸ್ಟನ್ನಿಗೆ ಕೆಳಗಿನಿಂದ ಎಣ್ಣೆ ಚಿಮ್ಮಿ ತಂಪು ಮಾಡುತ್ತದೆ, ಹೊಗೆಯಷ್ಟು ಅದು ಕಾಯುವುದಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಆ ಹೊತ್ತಿನಲ್ಲಿ ಅದನ್ನು ಹೇಳಿದರೆ ರುಚಿ ಕೆಡುತ್ತಿತ್ತು. 1,250ಕ್ಕೆ ಮುಳ್ಳು ಮುಟ್ಟಿದ್ದೇ ಕಾಲು ಸಡಿಲಿಸಿದರು, ಎಸಿ ಆರಿಸಿದರು, ಎಲ್ಲರೂ ಮಾತು ನಿಲ್ಲಿಸಬೇಕೆಂದರು. ಮಾತಿಗೂ ಉಷ್ಣತೆಗೂ ಏನು ಸಂಬಂಧವೋ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ದನ ತುಂಬಿಕೊಂಡ ದೊಡ್ಡ ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಕಂಬಿಗಳ ಸಂದಿಯಿಂದ ಒಂದು ಹಸು ನಮ್ಮನ್ನು ಬಹಳ ಹೊತ್ತು ನೋಡಿತು.

ಆ ಲಾರಿ ಗೇಜಪ್ಪನವರ ನಿದ್ದೆ ಕೆಡಿಸಿತು. ಊರಿಗೆ ಮರಳಿದವರೇ ಪೈರೋಮೀಟರನ್ನೇ ಟೆಸ್ಟಿಂಗಿಗೆ ಹಾಕಿದರು. ಕುದಿಯುವ ನೀರು 212 ಡಿಗ್ರಿ ತೋರಿಸಬೇಕು, ಇದಕ್ಕೆ ಯಾವ ಕಂಪನಿಯ ಸರ್ಟಿಫಿಕೇಟೂ ಬೇಡ. ಮನೆ ಮುಂದೆ ಸ್ಟವ್ ಇಟ್ಟು, ಮ್ಯಾನಿಫೋಲ್ಡಿನಿಂದ ಕಡ್ಡಿ ಬಿಚ್ಚಿದರು. “ಸಾರಿನ ಪಾತ್ರೆ ಮುಟ್ಟಬೇಡಿ, ಆ ಹಳೇ ಟೀದು ತಗೊಳ್ಳಿ” ಎಂದು ಒಳಗಿನಿಂದ ಕೂಗು ಬಂತು. ನಾನು ಕ್ಯಾಬಿನ್ನಿನಲ್ಲಿ ಕೂತು ಮುಳ್ಳು ನೋಡಿ 250 ಎಂದೆ. ಗೇಜಪ್ಪ ಇಕ್ಕಳದಲ್ಲಿ ಪಾತ್ರೆ ಹಿಡಿದುಕೊಂಡೇ ಓಡಿಬಂದರು.

“ನೋಡಿದ್ರಾ ಸಾರ್? ಮೂವತ್ತೆಂಟು ಡಿಗ್ರಿ ಜಾಸ್ತಿ ಹೇಳ್ತಾ ಇದೆ! ಅಂದ್ರೆ ಆ ದನದ ಲಾರಿಗೆ ನಾವು ಸುಮ್ಮನೆ ದಾರಿ ಬಿಟ್ವಿ!”

ಡೆನ್ವರಿಗೆ ಮನೆ ಬದಲಾಯಿಸುವವರು ಯಾರಾದರೂ ಇದ್ದಾರೆಯೇ ಎಂದು ಕನ್ನಡ ಕೂಟದಲ್ಲಿ ಈಗ ವಿಚಾರಿಸುತ್ತಿದ್ದಾರೆ. ಬಾಡಿಗೆ ಬೇಡವಂತೆ, ಡೀಸೆಲ್ಲೂ ಅವರದೇ. ಸಾಮಾನು ಆದಷ್ಟು ಭಾರವಾಗಿರಬೇಕು, ಅಷ್ಟೇ.